ಕಾಫಿ ಡಬ್ಬದೊಳಗೆ 144 ಮೆಗಾಹರ್ಟ್ಜ್: ನಾಲ್ಕು ರೇಡಿಯೋಗಳ ಕಿವಿ ಪರೀಕ್ಷೆ

ಜಗಳ ಶುರು ಮಾಡಿದ್ದು ಭಾವ. ಸುಂಟಿಕೊಪ್ಪದ ಹತ್ತಿರ ಅವರ ತೋಟ. ಅವರ ತಮ್ಮ ಅಮೆರಿಕದಿಂದ ಬರುವಾಗ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಒಂದನ್ನು, ಅಂದರೆ ಹಲವು ಫ್ರೀಕ್ವೆನ್ಸಿಗಳನ್ನು ಹುಡುಕಿ ಕೇಳಿಸುವ ರೇಡಿಯೋವನ್ನು, ತಂದುಕೊಟ್ಟಿದ್ದ. ಒಂದು ಭಾನುವಾರ ಬೆಳಿಗ್ಗೆ ಮೈಸೂರು ಕಡೆಯ ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು ಒಬ್ಬರು, 2 ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಜ್ ಸುತ್ತ) ಮಾತಾಡುತ್ತಿದ್ದರು. ಭಾವನ ಸ್ಕ್ಯಾನರಿನಲ್ಲಿ ಮಾತು ಪೂರ್ತಿ ಅರ್ಥವಾಗುತ್ತಿತ್ತು, ನನ್ನ ಚೀನಾ ವಾಕಿಟಾಕಿಯಲ್ಲಿ ಬರೀ ಸೊರ್ ಅನ್ನುವ ಸದ್ದು. ಭಾವ ಏನೂ ಹೇಳಲಿಲ್ಲ. ಕಾಫಿ ಹೀರುತ್ತಾ ಸುಮ್ನೆ ನನ್ನ ಕಡೆ ನೋಡಿದರು. ಆ ಒಂದು ನೋಟಕ್ಕೆ ನನ್ನ ಎರಡು ತಿಂಗಳ ಸಂಜೆಗಳು ಹೋದವು.

ನ್ಯಾಯವಾಗಿ ನೋಡಿದರೆ ಅವರದು ಮಾಡಿನ ಮೇಲಿನ ಆಂಟೆನಾಕ್ಕೆ ಸಿಕ್ಕಿಸಿತ್ತು, ನನ್ನದು ಗಿಡ್ಡ ರಬ್ಬರ್ ಆಂಟೆನಾ ಇಟ್ಟುಕೊಂಡು ಊಟದ ಮೇಜಿನ ಮೇಲೆ ಕೂತಿತ್ತು. ಅದನ್ನೇ ಹೇಳಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು. ಸರಿ, ಆಂಟೆನಾ ಬದಲಿಸಿ ನೋಡೋಣ ಅಂತ ಕೇಬಲ್ ಬಿಚ್ಚುವಷ್ಟರಲ್ಲಿ ಆ ಹ್ಯಾಮ್ 73, ಅಂದರೆ ಹ್ಯಾಮ್ ಭಾಷೆಯ ನಮಸ್ಕಾರ, ಹೇಳಿ ಹೋಗಿಬಿಟ್ಟರು. ಮುಗೀತು. ಇನ್ನು ಅಷ್ಟೇ ಸಣ್ಣ ಸಿಗ್ನಲ್ ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಹಾಗಾಗಿ ಬೇಕೆಂದಾಗ ಬರುವ, ಬೇಕಾದಷ್ಟೇ ಸಣ್ಣದಾಗಿ ಬರುವ ಸಿಗ್ನಲ್ಲನ್ನು ನಾನೇ ಕಟ್ಟಬೇಕಾಯಿತು.

ಮೊದಲೇ ಒಂದು ಮಾತು. ಸ್ಕ್ಯಾನರ್ ಅಂದ ಕೂಡಲೇ "ಪೊಲೀಸ್ ಕೇಳುತ್ತಾ?" ಅಂತ ಕೇಳುವವರೇ ಜಾಸ್ತಿ. ಕೇಳುವುದಿಲ್ಲ, ಕೇಳಬಾರದು ಕೂಡ. ಹ್ಯಾಮ್ ಲೈಸೆನ್ಸ್ ಇದ್ದರೂ ಬೇರೆಯವರ ಮಾತಿಗೆ ಕಿವಿ ಕೊಡಲು ಅದು ಪರವಾನಗಿ ಅಲ್ಲ. ನಾವು ಕೇಳುವುದು ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವ 144ರಿಂದ 146 ಮೆಗಾಹರ್ಟ್ಜ್, ಅದರೊಳಗೆ 145.800ರಲ್ಲಿ ತಲೆ ಮೇಲೆ ಹಾದುಹೋಗುವ ಅಂತರಿಕ್ಷ ನಿಲ್ದಾಣ, ಮತ್ತೆ ಎಫ್‌ಎಂ ಪ್ರಸಾರ. ಪರೀಕ್ಷೆಗೆ ಅಷ್ಟು ಸಾಕು.

ಕಣಕ್ಕಿಳಿದ ರೇಡಿಯೋಗಳು ನಾಲ್ಕು. ಭಾವನ ಸ್ಕ್ಯಾನರ್, ಇನ್ನು ಮುಂದೆ ಅದು "ಅಮೆರಿಕ". ನನ್ನ ವಾಕಿಟಾಕಿ "ಚೀನಾ". ಲ್ಯಾಪ್‌ಟಾಪಿಗೆ ಚುಚ್ಚುವ, ಆರ್‌820ಟಿ2 ಟ್ಯೂನರ್ ಚಿಪ್ ಇರುವ ಆರ್‌ಟಿಎಲ್ "ಡಾಂಗಲ್". ನಾಲ್ಕನೆಯದು ಮಡಿಕೇರಿಯಲ್ಲಿರುವ ಸೋದರಮಾವನ ಮೇಜಿನ ಮೇಲಿನ ಸ್ಕ್ಯಾನರ್. ಮಾವ ಸೈನ್ಯದ ಸಿಗ್ನಲ್ಸ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ತೊಂಬತ್ತರ ದಶಕದಲ್ಲಿ ಯಾರಿಂದಲೋ ಕೊಂಡ ಪೆಟ್ಟಿಗೆ ಅದು, ಇಟ್ಟಿಗೆಯಷ್ಟು ಭಾರ. ಅದಕ್ಕೆ "ಮುದುಕ" ಅಂತ ಹೆಸರಿಟ್ಟೆವು, ಮಾವನ ಎದುರಿಗಲ್ಲ.

ಕಿವಿಯಿಂದ ಕೇಳಿ ಹೋಲಿಸಿದರೆ ಯಾಕೆ ಆಗುವುದಿಲ್ಲ ಅಂದರೆ, ಒಂದೊಂದರ ಸ್ಪೀಕರ್ ಒಂದೊಂದು ಥರ. ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚಿಡುವ ಸ್ಕ್ವೆಲ್ಚ್ ತೆರೆಯುವ ಮಟ್ಟ ಬೇರೆ. ಪರದೆಯ ಮೇಲಿನ ಕಡ್ಡಿಗಳನ್ನಂತೂ ನಂಬಲೇಬಾರದು, ಚೀನಾದಲ್ಲಿ ಸಿಗ್ನಲ್ ಬಂದರೆ ಎಲ್ಲ ಕಡ್ಡಿ, ಇಲ್ಲದಿದ್ದರೆ ಸೊನ್ನೆ, ನಡುವೆ ಏನೂ ಇಲ್ಲ. ಕಾಫಿ ವ್ಯಾಪಾರಿ ಓಟಿ, ಅಂದರೆ ಚೀಲದಿಂದ ಎಷ್ಟು ಬೇಳೆ ಇಳಿಯುತ್ತದೆ ಅನ್ನುವ ಲೆಕ್ಕ, ನೋಡದೆ ಚೀಲಕ್ಕೆ ರೇಟ್ ಹೇಳುತ್ತಾನಾ? ಒಂದು ಚೀಲ ಹಸಿ, ಇನ್ನೊಂದು ಗರಿಗರಿ ಒಣಗಿದ್ದು, ಎರಡನ್ನೂ ತಕ್ಕಡಿಗೆ ಹಾಕಿ "ಇದೇ ಒಳ್ಳೆ ಕಾಫಿ" ಅಂದ ಹಾಗಾಗುತ್ತದೆ. ನಾವು ಆ ಭಾನುವಾರ ಮಾಡಿದ್ದು ಅದನ್ನೇ.

ಸಿಗ್ನಲ್ ಹುಟ್ಟಿಸುವ ಭಾಗ ಸುಲಭ ಅಂದುಕೊಂಡಿದ್ದೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ 48 ಮೆಗಾಹರ್ಟ್ಜ್ ಆಸಿಲೇಟರ್, ನಾಲ್ಕು ಕಾಲಿನ ಲೋಹದ ಡಬ್ಬಿ, 5 ವೋಲ್ಟ್ ಕೊಟ್ಟರೆ ಚೌಕ ಅಲೆ ಕೊಡುತ್ತದೆ. ಚೌಕ ಅಲೆಯಲ್ಲಿ ಮೂರು ಪಟ್ಟು, ಐದು ಪಟ್ಟು ಆವರ್ತನಗಳೂ ಸೇರಿಕೊಂಡೇ ಇರುತ್ತವೆ, ಹಾಗಾಗಿ ಮೂರನೇ ಪಟ್ಟು 144 ನಮಗೆ ಪುಕ್ಕಟೆ. ಒಂಬತ್ತನೇ ಪಟ್ಟು 432 ಕೂಡ ಸಿಗುತ್ತದೆ, ಅದರ ಕಥೆ ಆಮೇಲೆ. ಇಂಥ ಅಗ್ಗದ ಆಸಿಲೇಟರ್ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಆಚೆ ಈಚೆ ಇರಬಹುದು. ಕೇಳಲು ಸಣ್ಣದು, ಆದರೆ 144ಕ್ಕೆ ಬಂದಾಗ ಅದು 7.2 ಕಿಲೋಹರ್ಟ್ಜ್, ನ್ಯಾರೋ ಎಫ್‌ಎಂ ಚಾನೆಲ್ಲಿನಿಂದ ಹೊರಗೇ ಬಿದ್ದ ಹಾಗೆ. ಮೊದಲನೆಯದು 4 ಕಿಲೋಹರ್ಟ್ಜ್ ಕೆಳಗೆ ಕೂತಿತ್ತು, ಅದನ್ನು ತೆಗೆದಿಟ್ಟೆ. ಎರಡನೆಯದು 1 ಕಿಲೋಹರ್ಟ್ಜ್‌ನೊಳಗೆ ಬಂತು. ನಾಲ್ಕು ತಂದಿದ್ದೆ, ಪುಣ್ಯ.

ಕಷ್ಟ ಇದ್ದದ್ದು ಸಿಗ್ನಲ್ ಹೊರಗೆ ಸೋರದ ಹಾಗೆ ನೋಡಿಕೊಳ್ಳುವುದರಲ್ಲಿ. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಕಟ್ಟಿ ಆನ್ ಮಾಡಿದೆ. ಚೀನಾ ಮೇಜಿನ ಇನ್ನೊಂದು ತುದಿಯಲ್ಲಿತ್ತು, ಯಾವ ಕೇಬಲ್ಲೂ ಇಲ್ಲ, ಸೊರ್ ಸದ್ದು ಪೂರ್ತಿ ನಿಂತುಹೋಯಿತು, ಅಂದರೆ ಅದಕ್ಕೆ ಸಿಗ್ನಲ್ ಸಿಕ್ಕಿತು. ಕೈಯಲ್ಲಿ ಹಿಡಿದುಕೊಂಡು ಕಣದವರೆಗೆ ನಡೆದೆ, ಅಲ್ಲೂ ಕೇಳುತ್ತಿದೆ. ಹೀಗಿರುವಾಗ ಸಿಗ್ನಲ್ ಕುಗ್ಗಿಸಲು ನಡುವೆ ಏನು ಹಾಕಿದರೇನು, ಸಿಗ್ನಲ್ ಕೇಬಲ್ ಬಿಟ್ಟು ಗಾಳಿಯಲ್ಲೇ ಬರುತ್ತದೆ. ಒಡ್ಡು ಒಡೆದ ಗದ್ದೆಗೆ ಮಡೆ ಕಟ್ಟಿದ ಹಾಗೆ.

ಎರಡನೇ ಸಲ ತಾಮ್ರದ ಪಿಸಿಬಿ ತುಂಡುಗಳನ್ನು ಕತ್ತರಿಸಿ ಆರೂ ಕಡೆ ಬೆಸುಗೆ ಹಾಕಿ ಸಣ್ಣ ಪೆಟ್ಟಿಗೆ ಮಾಡಿದೆ. ಅದನ್ನು ಅರ್ಧ ಕಿಲೋ ಕಾಫಿಪುಡಿಯ ಹಳೇ ತಗಡಿನ ಡಬ್ಬದೊಳಗೆ ಇಟ್ಟೆ. ಬ್ಯಾಟರಿಗೆ ನಾಲ್ಕು ರೀಚಾರ್ಜ್ ಸೆಲ್, 4.8 ವೋಲ್ಟ್, ಅವೂ ಡಬ್ಬದ ಒಳಗೇ. ಸ್ವಿಚ್ ಕೂಡ ಒಳಗೇ, ಯಾಕೆಂದರೆ ಹೊರಗೆ ಬರುವ ಒಂದೊಂದು ವೈರೂ ಒಂದೊಂದು ಆಂಟೆನಾ. ಹೊರಗೆ ಕಾಣುವುದು ಒಂದೇ ಒಂದು ಬಿಎನ್‌ಸಿ ಸಾಕೆಟ್, ಅದನ್ನು ಸುತ್ತಲೂ ಬೆಸುಗೆ ಹಾಕಿ ಕೂರಿಸಿದೆ. ಹೀಗೆ ಮಾಡಿದ್ದರಿಂದ ಒಂದು ತೊಂದರೆ: ಆನ್ ಇದೆಯೋ ಆಫ್ ಇದೆಯೋ ಮುಚ್ಚಳ ತೆಗೆಯದೆ ಗೊತ್ತಾಗುವುದಿಲ್ಲ.

ಆದರೂ ಸೋರಿತು. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ. ಡಬ್ಬದ ಬಾಯಿಗೂ ಮುಚ್ಚಳಕ್ಕೂ ಒಳಗಡೆ ತುಕ್ಕು ಹಿಡಿಯದಿರಲಿ ಅಂತ ಅರಗಿನಂಥ ಲೇಪ ಹಚ್ಚಿರುತ್ತಾರೆ, ಕಣ್ಣಿಗೆ ಲೋಹದ ಹಾಗೇ ಕಾಣುತ್ತದೆ, ಆದರೆ ಕರೆಂಟ್ ಹರಿಯುವುದಿಲ್ಲ. ಮೀಟರ್ ಇಟ್ಟು ನೋಡಿದಾಗ ಡಬ್ಬಕ್ಕೂ ಮುಚ್ಚಳಕ್ಕೂ ಸಂಪರ್ಕವೇ ಇಲ್ಲ! ಉಪ್ಪುಕಾಗದದಲ್ಲಿ ಎರಡೂ ಅಂಚು ಉಜ್ಜಿ ಹೊಳೆಯುವ ಹಾಗೆ ಮಾಡಿ ಒತ್ತಿ ಮುಚ್ಚಿದೆ. ಸೋರುವುದು ನಿಂತಿತು, ಚೀನಾದಲ್ಲಿ ಸೊರ್ ಸದ್ದು ವಾಪಸ್ ಬಂತು. ರಬ್ಬರ್ ಆಂಟೆನಾವನ್ನು ಡಬ್ಬಕ್ಕೆ ಮುಟ್ಟಿಸಿದರೆ ಇನ್ನೂ ಸ್ವಲ್ಪ ಗೊತ್ತಾಗುತ್ತದೆ, ಒಂದು ಮಾರು ದೂರದಲ್ಲಿ ಏನೂ ಇಲ್ಲ. ಅಷ್ಟು ಸಾಕು ಅಂತ ಬಿಟ್ಟೆ.

ಅಟೆನ್ಯುಯೇಟರ್ ಅಂದರೆ ಸಿಗ್ನಲ್ಲನ್ನು ಲೆಕ್ಕ ಹಾಕಿ ಕುಗ್ಗಿಸುವ ಪೆಟ್ಟಿಗೆ. ಎಷ್ಟು ಪಟ್ಟು ಕುಗ್ಗಿತು ಅನ್ನುವುದರ ಅಳತೆ ಡಿಬಿ, ಅಂದರೆ ಡೆಸಿಬೆಲ್. ಸಾಲಾಗಿ ಒಂಬತ್ತು ಸ್ಲೈಡ್ ಸ್ವಿಚ್, ಒಂದೊಂದಕ್ಕೂ ಮೂರು ಮೂರು ರೆಸಿಸ್ಟರ್: 1, 2, 3, 6, 10 ಡಿಬಿ, ಆಮೇಲೆ 20ರ ನಾಲ್ಕು. ಎಲ್ಲ ಸೇರಿ 102 ಡಿಬಿ. 50 ಓಮ್ ಲೆಕ್ಕದಲ್ಲಿ 20 ಡಿಬಿಗೆ ಎರಡು ಬದಿಗೆ 61 ಓಮ್, ನಡುವೆ 247 ಓಮ್ ಬೇಕು. ಕುಶಾಲನಗರದ ಅಂಗಡಿಯಲ್ಲಿ 61 ಎಲ್ಲಿ ಸಿಗಬೇಕು? 120ರ ಎರಡನ್ನು ಪ್ಯಾರಲಲ್ ಹಾಕಿ 60 ಮಾಡಿದೆ, 220ಕ್ಕೆ 27 ಸೇರಿಸಿ 247 ಮಾಡಿದೆ. ಲೆಕ್ಕಕ್ಕೆ 20.1 ಬರುತ್ತದೆ, ಯಾರು ಕೇಳುತ್ತಾರೆ. 10 ಡಿಬಿಗೆ 100 ಮತ್ತು 68, 6ಕ್ಕೆ 150 ಮತ್ತು 39, ಮೂರಕ್ಕೆ 300 ಮತ್ತು 18. ಒಂದೊಂದು ಸ್ವಿಚ್ಚಿನ ನಡುವೆಯೂ ತಗಡಿನ ಅಡ್ಡಗೋಡೆ ಬೇಕು, ತೋಟದ ಕೆಲಸದವರ ಲೈನ್ ಮನೆಗಳ ಹಾಗೆ. ಇಲ್ಲದಿದ್ದರೆ ಮೊದಲನೇ ಕೋಣೆಯ ಸಿಗ್ನಲ್ ಕೊನೇ ಕೋಣೆಗೆ ಹಾರಿಹೋಗುತ್ತದೆ.

432ರಲ್ಲಿ ಈ ಸ್ಲೈಡ್ ಸ್ವಿಚ್‌ಗಳು ಕೈಕೊಟ್ಟವು. ಆಫ್ ಮಾಡಿದ ಕಡೆಯಿಂದಲೂ ಸಿಗ್ನಲ್ ದಾಟುತ್ತದೆ, 20 ಅಂತ ಬರೆದದ್ದು 20 ಇರುವುದೇ ಇಲ್ಲ. ಹಾಗಾಗಿ ಇಲ್ಲಿ ಇರುವ ಅಂಕಿಗಳೆಲ್ಲ 144ರವು ಮಾತ್ರ.

ಮೈಸೂರಿನ ಸ್ನೇಹಿತ ಟೈನಿಎಸ್‌ಎ ಅನ್ನುವ ಅಂಗೈ ಅಗಲದ ಸ್ಪೆಕ್ಟ್ರಮ್ ಅನಲೈಸರ್ ತಂದಿದ್ದ, ಅದರಲ್ಲಿ ಡಬ್ಬದ 144 ಅಲೆ ಅಳೆದಾಗ −34 ಡಿಬಿಎಂ, ಅಂದರೆ ಒಂದು ಮಿಲಿವ್ಯಾಟಿಗಿಂತ 34 ಡಿಬಿ ಕಡಿಮೆ. ಒಂದೆರಡು ಡಿಬಿ ಹೆಚ್ಚು ಕಡಿಮೆ ಇರಬಹುದು. ನಿಜ ಹೇಳಬೇಕೆಂದರೆ ಹೋಲಿಕೆಗೆ ಈ ಅಂಕಿ ಬೇಕಾಗಿಯೇ ಇಲ್ಲ. ನಾಲ್ಕಕ್ಕೂ ಅದೇ ಡಬ್ಬ, ಅದೇ ಕೇಬಲ್. ಯಾವುದು ಜಾಸ್ತಿ ಅಟೆನ್ಯುಯೇಟರ್ ಹಾಕಿದರೂ ಕೇಳುತ್ತದೋ ಅದು ಗೆದ್ದಿತು, ಅಷ್ಟೇ.

ಈಗ "ಕೇಳುತ್ತದೆ" ಅನ್ನುವುದನ್ನು ಅಂಕಿಗೆ ತರಬೇಕು. ಕಂಪನಿಗಳು ಸಾಮಾನ್ಯವಾಗಿ 12 ಡಿಬಿ ಸಿನಾಡ್ ಅಂತ ಕೊಡುತ್ತವೆ, ಗಲಾಟೆಗಿಂತ ಮಾತು ಎಷ್ಟು ಮೇಲಿದೆ ಅನ್ನುವ ಅಳತೆ ಅದು. ಅದಕ್ಕೆ ಮಾಡ್ಯುಲೇಷನ್ ಇರುವ, ಅಂದರೆ ದನಿ ಹೊತ್ತ ಸಿಗ್ನಲ್ ಬೇಕು, ನನ್ನ ಡಬ್ಬ ಮೂಗ. ಅದಕ್ಕೂ ಹಳೇ ಕಾಲದ ಒಂದು ವಿಧಾನ ಇದೆ, 20 ಡಿಬಿ ಕ್ವೈಟಿಂಗ್. ಎಫ್‌ಎಂ ರೇಡಿಯೋದಲ್ಲಿ ಸಿಗ್ನಲ್ ಇಲ್ಲದಾಗ ಸೊರ್ ಅಂತ ಸದ್ದಿರುತ್ತದಲ್ವಾ, ಖಾಲಿ ಸಿಗ್ನಲ್ ಬಂದರೆ ಅದು ತಣ್ಣಗಾಗುತ್ತದೆ. ಆ ಸದ್ದು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಲು ಎಷ್ಟು ಸಿಗ್ನಲ್ ಬೇಕು ಅನ್ನುವುದೇ ಅಳತೆ. ಸದ್ದು ಅಳೆಯಲು ಎಲ್ಲರ ಮನೆಯಲ್ಲೂ ಇರುವ ಹಳದಿ ಮಲ್ಟಿಮೀಟರ್ ತೆಗೆದುಕೊಂಡೆ, ಅದರಲ್ಲಿ ಎಸಿಯ ಅತಿ ಕೆಳಗಿನ ರೇಂಜೇ 200 ವೋಲ್ಟ್! ಮಿಲಿವೋಲ್ಟ್ ಅಳೆಯಲು ಹೋದವನಿಗೆ 0.0 ತೋರಿಸಿತು. ಕೊನೆಗೆ ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕಿಗೆ ವೈರ್ ಎಳೆದು ಆಡಾಸಿಟಿ ಅನ್ನುವ ಸದ್ದು ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ಮಟ್ಟ ನೋಡಿದೆ. ಸದ್ದನ್ನು −10ಕ್ಕೆ ಇಟ್ಟುಕೊಂಡು ಅಟೆನ್ಯುಯೇಟರ್ ಒಂದೊಂದಾಗಿ ತೆಗೆಯುತ್ತಾ ಹೋಗುವುದು, −30 ಬಂದ ಕಡೆ ನಿಲ್ಲಿಸಿ ಬರೆದುಕೊಳ್ಳುವುದು.

ಅಳೆಯುವ ಮೊದಲು ರೇಡಿಯೋದ ಜಾಣತನಗಳನ್ನೆಲ್ಲ ಬಂದ್ ಮಾಡಬೇಕು. ಸ್ಕ್ವೆಲ್ಚ್ ಪೂರ್ತಿ ತೆರೆದಿರಬೇಕು. ಚೀನಾದಲ್ಲಿ ಬ್ಯಾಟರಿ ಸೇವ್ ಅಂತ ಒಂದಿದೆ, ಅದು ಆನ್ ಇದ್ದರೆ ರಿಸೀವರ್ ಆಗಾಗ ನಿದ್ದೆ ಹೊಡೆಯುತ್ತದೆ. ಎರಡು ಚಾನೆಲ್ ಒಟ್ಟಿಗೆ ನೋಡುವುದನ್ನೂ ಆಫ್ ಮಾಡಿದೆ. ಡಾಂಗಲ್ಲಿನಲ್ಲಿ ಗೇನ್, ಅಂದರೆ ಸಿಗ್ನಲ್ ದೊಡ್ಡದು ಮಾಡುವ ಮಟ್ಟ, ಆಟೋ ಬೇಡ, ಕೈಯಿಂದಲೇ ತುದಿಗೆ, ಅಂದರೆ 49.6ಕ್ಕೆ ಇಟ್ಟೆ.

ಮೊದಲನೇ ಸುತ್ತು, ನಿಲ್ಲಿಸಿದಾಗ ನಡುವೆ ಇದ್ದ ಅಟೆನ್ಯುಯೇಟರ್ ಡಿಬಿ ಲೆಕ್ಕದಲ್ಲಿ: ಅಮೆರಿಕ 83, ಡಾಂಗಲ್ 84, ಮುದುಕ 79, ಚೀನಾ 79.

ಭಾವ ಅಂದು ರಾತ್ರಿ ಊಟಕ್ಕೆ ಉಳಿದರು. ಕಡಂಬುಟ್ಟು ತಿನ್ನುತ್ತಾ ಚೀನಾ ಮಾಲಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದರು.

ನನಗೆ ನಿದ್ದೆ ಬರಲಿಲ್ಲ. ಚೀನಾ ಒಂದಕ್ಕೆ ಮಾತ್ರ ಎಸ್‌ಎಂಎಯಿಂದ ಬಿಎನ್‌ಸಿಗೆ ಹೋಗುವ ಅಡಾಪ್ಟರ್ ಹಾಕಿದ್ದೆ, ಆನ್‌ಲೈನಲ್ಲಿ ತರಿಸಿದ್ದು. ಬೆಳಿಗ್ಗೆ ಎದ್ದು ಅದನ್ನು ಬೆರಳಲ್ಲಿ ಸ್ವಲ್ಪ ಓರೆ ಮಾಡಿದೆ, ಆಡಾಸಿಟಿಯಲ್ಲಿ ಸದ್ದು ದಡಕ್ಕನೆ ಇಳಿಯಿತು. ಬಿಟ್ಟರೆ ಏರಿತು. ಒಳಗಿನ ಪಿನ್ ಗಿಡ್ಡ, ಒಂದಕ್ಕೊಂದು ಸರಿಯಾಗಿ ಮುಟ್ಟುತ್ತಿರಲಿಲ್ಲ. ಬೇರೆ ಅಡಾಪ್ಟರ್ ಹಾಕಿ ಅಳೆದರೆ 84. ಐದು ಡಿಬಿ ಒಂದು ಹಾಳು ಅಡಾಪ್ಟರಿನೊಳಗೆ ಕೂತಿತ್ತು! ಭಾವನಿಗೆ ಫೋನ್ ಮಾಡಿ ಹೇಳಿದೆ. "ಹೌದಾ" ಅಂದರು, ಕಾಳುಮೆಣಸಿನ ರೇಟ್ ಎಷ್ಟಾಯ್ತು ಅಂತ ಕೇಳಿದರು.

ಲೆಕ್ಕಕ್ಕೆ ತಂದರೆ, ಡಬ್ಬದ −34ರಿಂದ ಕಳೆದು, 84 ಅಂದರೆ −118 ಡಿಬಿಎಂ, 0.28 ಮೈಕ್ರೋವೋಲ್ಟ್. 83 ಅಂದರೆ 0.32. ಆಂಟೆನಾ ತೂತಿನಲ್ಲಿ ವೋಲ್ಟಿನ ಹತ್ತು ಲಕ್ಷದ ಒಂದು ಭಾಗದಲ್ಲೂ ಮೂರನೇ ಒಂದು ಪಾಲು. ನನ್ನ ಅಳತೆಯಲ್ಲೇ 1 ಡಿಬಿ ತಪ್ಪು ಇರಬಹುದು, ಹಾಗಾಗಿ ಮೂರೂ ಸಮ ಅಂತಲೇ ಬರೆದುಕೊಂಡೆ. ಸಮ ಆಗಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಕೋಣೆಯ ಬಿಸಿಯಿಂದಲೇ ಹುಟ್ಟುವ ಸದ್ದು 1 ಹರ್ಟ್ಜ್ ಅಗಲಕ್ಕೆ −174 ಡಿಬಿಎಂ ಇರುತ್ತದೆ, 12.5 ಕಿಲೋಹರ್ಟ್ಜ್ ಅಗಲದ ಚಾನೆಲ್ಲಿಗೆ ಅದು −133 ಆಗುತ್ತದೆ. ಆ ನೆಲಕ್ಕಿಂತ ಕೆಳಗೆ ಯಾವ ಕಂಪನಿಯೂ ಇಳಿಯಲಾರದು. ಈಗಿನ ಚಿಪ್‌ಗಳೆಲ್ಲ ಆ ನೆಲದ ಹತ್ತಿರವೇ ಕಾಲೂರಿ ನಿಂತಿವೆ, ಸಾವಿರದ್ದಾಗಲಿ ಹತ್ತು ಸಾವಿರದ್ದಾಗಲಿ.

ಮುದುಕನದು ಮಾತ್ರ ನಿಜವಾಗಿಯೂ 79. ಮಾವನ ಒಪ್ಪಿಗೆ ತಗೊಂಡು ಮುಚ್ಚಳ ಬಿಚ್ಚಿದೆ. "ನಟ್ಟು ಒಂದು ಉಳಿದರೆ ನಿನ್ನನ್ನು ಮನೆಗೆ ಕಳಿಸುವುದಿಲ್ಲ" ಅಂದರು. ಮಡಿಕೇರಿಯ ಮಳೆಗಾಲ ಮೂವತ್ತು ವರ್ಷ ಕುಡಿದ ಪೆಟ್ಟಿಗೆ ಅದು, ಒಳಗೆ ಬೂಷ್ಟಿನ ವಾಸನೆ, ತಾಮ್ರದ ಮೇಲೆ ಹಸಿರು ಪುಡಿ. ಆಂಟೆನಾ ಸಾಕೆಟ್ ಬೋರ್ಡಿಗೆ ಸೇರುವ ಕಡೆ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಉಂಗುರ ಬಿರುಕು. ಟಿವಿ ರಿಪೇರಿಯವರು ಡ್ರೈ ಸೋಲ್ಡರ್ ಅನ್ನುತ್ತಾರಲ್ಲ, ಅದೇ. ಆಂಟೆನಾ ಹಾಕಿ ತೆಗೆದು, ಹಾಕಿ ತೆಗೆದು ಆಗುವಂಥದ್ದು. ಹಳೇ ಬೆಸುಗೆ ಹೀರಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದಾಗಿ ಹಾಕಿದೆ. ಸಾಕೆಟ್ಟಿನ ನೆಲದ ಕಾಲುಗಳಿಗೂ ಹಾಕಿದೆ. 79 ಇದ್ದದ್ದು 82 ಆಯಿತು. ಇನ್ನೆರಡು ಡಿಬಿಗೆ ಮುಂದಿನ ಟ್ರಾನ್ಸಿಸ್ಟರ್ ಬದಲಿಸಬಹುದಿತ್ತೇನೋ. ಮಾವ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರಿಂದ ಧೈರ್ಯ ಬರಲಿಲ್ಲ.

ಇಷ್ಟಾದ ಮೇಲೆ ಭಾವನ ಮಾಡಿನ ಮೇಲಿನ ಆಂಟೆನಾಕ್ಕೆ ಹಾಕಿ ನೋಡಬೇಕಲ್ಲ. ಮೇಜಿನ ಮೇಲೆ 0.28 ಕೇಳಿಸಿಕೊಳ್ಳುವ ರೇಡಿಯೋ ಮಾಡಿನ ಮೇಲೂ ಅಷ್ಟೇ ಕೇಳಿಸಿಕೊಳ್ಳುತ್ತದೆ ಅನ್ನುವ ಭ್ರಮೆ ನನಗೂ ಇತ್ತು. ಡಾಂಗಲ್ಲಿಗೆ ಮೊದಲು 50 ಓಮ್ ರೆಸಿಸ್ಟರ್ ಹಾಕಿ ಸದ್ದಿನ ಮಟ್ಟ ಬರೆದುಕೊಂಡೆ, ಆಮೇಲೆ ಆಂಟೆನಾ ಸಿಕ್ಕಿಸಿದೆ. ಸದ್ದು 9 ಡಿಬಿ ಮೇಲೆ ಹೋಯಿತು. ಅಂದರೆ ಆಂಟೆನಾದಿಂದ ಬರುವ ಗಲಾಟೆಯೇ ರೇಡಿಯೋದ ಸ್ವಂತ ಸದ್ದಿಗಿಂತ ಎಷ್ಟೋ ಜಾಸ್ತಿ. ರೇಡಿಯೋದ ಕಿವಿ ಇನ್ನೂ 2 ಡಿಬಿ ಚುರುಕಾದರೂ ಇಲ್ಲಿ ಪ್ರಯೋಜನ ಇಲ್ಲ, ಸಂತೆಯಲ್ಲಿ ನಿಂತು ಪಿಸುಮಾತು ಕೇಳಲು ಹೋದ ಹಾಗೆ. ಇದನ್ನು ಎಫ್‌ಎಂ ಮೋಡಿನಲ್ಲಿ ಕಿವಿಯಿಂದ ನೋಡಲು ಹೋಗಬೇಡಿ, ಎಫ್‌ಎಂನಲ್ಲಿ ಸೊರ್ ಸದ್ದು ಆಂಟೆನಾ ಹಾಕಿದರೂ ತೆಗೆದರೂ ಒಂದೇ ಥರ ಕೇಳಿಸುತ್ತದೆ. ಎಎಂನಲ್ಲಿ ಅಥವಾ ಡಾಂಗಲ್ಲಿನ ಪರದೆಯಲ್ಲಿ ನೋಡಬೇಕು.

ಅಷ್ಟರಲ್ಲಿ ಕರೆಂಟ್ ಹೋಯಿತು. ಜುಲೈ ತಿಂಗಳು, ಗಾಳಿಗೆ ಎಲ್ಲೋ ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದಿರಬೇಕು. ಊರೆಲ್ಲ ಗೊಣಗುವ ಹೊತ್ತಿಗೆ ನಾನು ಲ್ಯಾಪ್‌ಟಾಪಿನ ಪರದೆ ನೋಡುತ್ತಾ ಕುಣಿಯುವುದೊಂದು ಬಾಕಿ. ಸದ್ದಿನ ನೆಲ ಸರ್ ಅಂತ ಇಳಿಯಿತು. "ಭಾವ, ಇನ್ವರ್ಟರ್ ಕೂಡ ಆಫ್ ಮಾಡಿ" ಅಂದೆ. ಅಕ್ಕ ಒಲೆ ಮುಂದೆ ಕತ್ತಲಲ್ಲಿ ನಿಂತು ಏನೋ ಅಂದಳು, ಅದನ್ನು ಇಲ್ಲಿ ಬರೆಯುವುದಿಲ್ಲ. 9 ಡಿಬಿ ಇದ್ದದ್ದು 3ಕ್ಕೆ ಬಂತು. ಆರು ಡಿಬಿ ಬರೀ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ಕೊಡುಗೆ. ಆಮೇಲೆ ಒಂದೊಂದೇ ಬಲ್ಬ್ ಬಿಚ್ಚಿ ಹುಡುಕಿದೆವು. ಜಗಲಿಯ ಎರಡು ಅಗ್ಗದ ಬಲ್ಬುಗಳೇ ಅರ್ಧ ಪಾಪ ಹೊತ್ತುಕೊಂಡಿದ್ದವು.

ಕರೆಂಟ್ ಇಲ್ಲದ ಆ ಮೌನದಲ್ಲಿ ಇನ್ನೊಂದು ಬಯಲಾಯಿತು. ಟಕ್. ಟಕ್. ಟಕ್. ಸೆಕೆಂಡಿಗೊಂದರಂತೆ, ಎಲ್ಲ ಫ್ರೀಕ್ವೆನ್ಸಿಯಲ್ಲೂ. ಗಡಿಯಾರ ಅಂದುಕೊಂಡು ಗೋಡೆ ನೋಡಿದೆ. ಭಾವನೇ ಮೊದಲು ಹಿಡಿದರು, "ಏ, ಇದು ಆನೆ ಬೇಲಿ." ಸೋಲಾರ್ ಬೇಲಿಯ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಚುಟುಕು ಏಟು ಕೊಡುತ್ತದೆ. ಬೇಲಿ ಸ್ವಚ್ಛವಾಗಿದ್ದರೆ ರೇಡಿಯೋಗೆ ಅಷ್ಟೇನೂ ತೊಂದರೆ ಇಲ್ಲ. ಒದ್ದೆ ಎಲೆ, ಕೊಂಬೆ ತಾಗಿದ ಕಡೆ ಕಿಡಿ ಹಾರಿದರೆ ಅದೇ ಒಂದು ಟ್ರಾನ್ಸ್‌ಮಿಟರ್. ಅಮೆರಿಕವನ್ನು ಏರ್‌ಬ್ಯಾಂಡ್ (ವಿಮಾನಗಳ ಬ್ಯಾಂಡ್) ಕಡೆ ಒಂದು ಖಾಲಿ ಜಾಗಕ್ಕಿಟ್ಟು, ಅಲ್ಲಿ ಎಎಂ ಇರುತ್ತದಲ್ಲ, ಆಂಟೆನಾ ಬಿಚ್ಚಿ ಗಿಡ್ಡ ವೈರ್ ಚುಚ್ಚಿಕೊಂಡು ಇಬ್ಬರೂ ಟಾರ್ಚ್ ಹಿಡಿದು ಬೇಲಿಯ ಉದ್ದಕ್ಕೂ ನಡೆದೆವು. ಟಕ್ ಸದ್ದು ಜೋರಾದ ಕಡೆ ಟಾರ್ಚ್ ಆರಿಸಿದರೆ ಕಣ್ಣಿಗೇ ಕಾಣಿಸಿತು, ಲಂಟಾನ ಪೊದೆ ತಂತಿಗೆ ಒರಗಿದಲ್ಲಿ ನೀಲಿ ಕಿಡಿ. ಅದೇ ಸ್ಥಿತಿಯಲ್ಲಿ ಮುಟ್ಟಲು ಹೋಗಲಿಲ್ಲ, ಬೇಲಿ ಆಫ್ ಮಾಡಲೂ ಆಗಲಿಲ್ಲ, ಹಿಂದಿನ ವಾರವಷ್ಟೇ ಕೆಳಗಿನ ಗದ್ದೆಗೆ ಆನೆ ಬಂದಿತ್ತು. ಮರುದಿನ ಮಧ್ಯಾಹ್ನ ಹತ್ತು ನಿಮಿಷ ಬಂದ್ ಮಾಡಿ ಪೊದೆ ಕಡಿಸಿದರು. ನನ್ನ ಕಾಲಿನಲ್ಲಿ ಆ ರಾತ್ರಿಯ ಲೆಕ್ಕ ಏಳು ಜಿಗಣೆ.

ಕೇಬಲ್ ಬಗ್ಗೆ ಎರಡೇ ಮಾತು. ಭಾವ ಹಾಕಿದ್ದು ತೆಳ್ಳನೆಯ ಆರ್‌ಜಿ-58, 144ರಲ್ಲಿ ನೂರು ಮೀಟರಿಗೆ ಸುಮಾರು 20 ಡಿಬಿ ನುಂಗುತ್ತದೆ, ಅವರ 15 ಮೀಟರಿಗೆ 3 ಡಿಬಿ. ಡಿಶ್ ಟಿವಿಗೆ ಹಾಕುವ ಆರ್‌ಜಿ-6 ಅದರ ಅರ್ಧಕ್ಕಿಂತ ಕಡಿಮೆ ನುಂಗುತ್ತದೆ, ಎಲ್ಲ ಕಡೆ ಸಿಗುತ್ತದೆ. ಅದು 75 ಓಮ್ ಅನ್ನುವುದರಿಂದ ಕೇಳುವುದಕ್ಕೆ ಆಗುವ ನಷ್ಟ ಲೆಕ್ಕಕ್ಕಿಲ್ಲ. ಬದಲಿಸಿದೆವು.

ಕೊನೆಯ ಸುತ್ತು ಮಾವನ ಮನೆಯಲ್ಲಿ. ಮಡಿಕೇರಿ ಅಂದ ಮೇಲೆ ಆಕಾಶವಾಣಿಯ 103.1 ಇರಲೇಬೇಕು. ಮೈಸೂರಿನ 100.6, ಕಣ್ಣೂರಿನ 101.5 ಕೂಡ ಎತ್ತರದ ಜಾಗದಲ್ಲಿ ಬರುತ್ತವೆ, ಆದರೆ ಪಟ್ಟಣದೊಳಗೆ 103.1ರ ಜೋರೇ ಬೇರೆ. ಡಾಂಗಲ್ ಹಾಕಿದೆ, ಪರದೆ ತುಂಬ ಕಡ್ಡಿಗಳು. 144ರ ಹತ್ತಿರ ಯಾರೂ ಮಾತಾಡದ ಕಡೆಯೆಲ್ಲ ಮಡಿಕೇರಿ ಆಕಾಶವಾಣಿಯ ದೆವ್ವಗಳು ಹಾಡು ಹೇಳುತ್ತಿದ್ದವು.

ಇಲ್ಲಿ ಅಳೆಯಲು 18 ಓಮಿನ ಮೂರು ರೆಸಿಸ್ಟರ್ ಒಂದು ಬಿಂದುವಿಗೆ ಸೇರಿಸಿ ಮೂರು ಬಾಯಿಯ ಕವಲು ಮಾಡಿದೆ. ಒಂದು ಬಾಯಿಗೆ ಕಾಫಿ ಡಬ್ಬ, ಒಂದಕ್ಕೆ ರೇಡಿಯೋ, ಮೂರನೆಯದಕ್ಕೆ ಮೊದಲು 50 ಓಮ್, ಆಮೇಲೆ ಆಂಟೆನಾ. ಆಂಟೆನಾ ಹಾಕಿದಾಗ ಎಷ್ಟು ಡಿಬಿ ಕಿವುಡಾಯಿತು ಅನ್ನುವುದೇ ಉತ್ತರ. ಡಾಂಗಲ್ 17 ಡಿಬಿ ಕಿವುಡು. ಚೀನಾ 9. ಅಮೆರಿಕ 6. ಮುದುಕ 3.

ನಾನು ಎರಡು ಸಲ ಅಳೆದೆ. ಮಾವ ಮೂರನೇ ಸಲ ಅಳೆಯಲು ಹೇಳಿದರು, ಸಂಶಯಕ್ಕಲ್ಲ, ಖುಷಿಗೆ. ಮೇಜಿನ ಮೇಲೆ ಎಲ್ಲರಿಗಿಂತ ಹಿಂದಿದ್ದ ಪೆಟ್ಟಿಗೆ ಇಲ್ಲಿ ಎಲ್ಲರಿಗಿಂತ ಸಣ್ಣದನ್ನು ಕೇಳಿಸಿಕೊಳ್ಳುತ್ತಿತ್ತು. ಮುಚ್ಚಳ ಬಿಚ್ಚಿದಾಗ ಕಂಡಿದ್ದ ಸುರುಳಿಗಳ ಸಾಲು ಈಗ ಅರ್ಥವಾಯಿತು. ಆಂಟೆನಾದಿಂದ ಬಂದದ್ದನ್ನು ಮೊದಲು ಸೋಸಿ ಆಮೇಲೆ ದೊಡ್ಡದು ಮಾಡುತ್ತಾನೆ ಮುದುಕ. ಡಾಂಗಲ್ಲಿಗೆ ಅಷ್ಟು ಗಟ್ಟಿ ಜರಡಿ ಇಲ್ಲ, 103.1ನ್ನೂ ಒಳಗೆ ಬಿಟ್ಟುಕೊಂಡು ಅಳೆಯುವುದು 8 ಬಿಟ್ಟಿನಲ್ಲಿ, ಎಲ್ಲ ಸೇರಿ 256 ಮೆಟ್ಟಿಲು. ಆನೆ ಹತ್ತಿದ ತಕ್ಕಡಿಯಲ್ಲಿ ಸಾಸಿವೆ ತೂಗಬೇಕು. ಗೇನ್ 30ರ ಹತ್ತಿರಕ್ಕೆ ಇಳಿಸಿದಾಗ 17 ಇದ್ದದ್ದು 10 ಆಯಿತು.

ಮಿಕ್ಕಿದ್ದಕ್ಕೆ ಉಳಿದ ಆರ್‌ಜಿ-6 ತುಂಡೇ ಮದ್ದು. 103.1ರ ಕಾಲು ಅಲೆ ಗಾಳಿಯಲ್ಲಿ 72.7 ಸೆಂಟಿಮೀಟರ್, ಈ ಕೇಬಲ್ಲಿನೊಳಗೆ ಅಲೆ ನಿಧಾನ, 0.82ರಿಂದ ಗುಣಿಸಿದರೆ ಸುಮಾರು 60. ತುದಿ ತೆರೆದಿಟ್ಟ ಅಷ್ಟುದ್ದದ ಕೇಬಲ್ಲನ್ನು ಟಿ ಕನೆಕ್ಟರಿನಲ್ಲಿ ಆಂಟೆನಾ ದಾರಿಗೆ ಅಡ್ಡ ಹಾಕಿದರೆ 103.1ಕ್ಕೆ ಮಾತ್ರ ಅದು ಶಾರ್ಟ್ ಆದ ಹಾಗೆ ಕಾಣುತ್ತದೆ. 65 ಸೆಂಟಿಮೀಟರ್ ಕತ್ತರಿಸಿ, ಡಾಂಗಲ್ ಗೇನ್ ತೀರಾ ಕಡಿಮೆ ಇಟ್ಟು, ಅರ್ಧರ್ಧ ಸೆಂಟಿಮೀಟರ್ ಚಿವುಟುತ್ತಾ 103.1ರ ಎತ್ತರ ನೋಡುತ್ತಾ ಹೋದೆ. 58ರಲ್ಲಿ ಗುಂಡಿ ಆಳ ಬಿತ್ತು, ಕನೆಕ್ಟರಿನ ಉದ್ದವೂ ಸೇರಿರುವುದರಿಂದ ಲೆಕ್ಕಕ್ಕಿಂತ ಗಿಡ್ಡ. ಆಕಾಶವಾಣಿ 25 ಡಿಬಿ ಕೆಳಗಿಳಿಯಿತು. 144ರಲ್ಲಿ ಈ ತುಂಡಿನಿಂದ ಒಂದು ಡಿಬಿಗೂ ಕಡಿಮೆ ನಷ್ಟ. ಪೂರ್ತಿ ಗೇನಿನಲ್ಲೂ ಡಾಂಗಲ್ ಈಗ 4 ಡಿಬಿ ಮಾತ್ರ ಕಿವುಡು, ಚೀನಾ 3.

ಮಾವನಿಗೆ ಇದೆಲ್ಲ ಹೊಸದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸುತ್ತಲಿನ ಊರುಗಳಲ್ಲಿ ಫೋನೂ ಕರೆಂಟೂ ಇಲ್ಲದಾಗ ಈ ಮುದುಕನನ್ನೇ ಕಾರಿನ ಬ್ಯಾಟರಿಗೆ ಸಿಕ್ಕಿಸಿಕೊಂಡು ಆಕಾಶವಾಣಿ ಸುದ್ದಿಗೆ ಕೂತಿದ್ದರಂತೆ. "ಆಗಲೂ ಸ್ಪಷ್ಟವಾಗಿಯೇ ಬರುತ್ತಿತ್ತು, ನಿನ್ನ ಅಂಕಿ ಬೇಕಾಗಿರಲಿಲ್ಲ" ಎಂದರು. ಒಂದು ಕಿಲೋಮೀಟರ್ ಆಚೆಯ ಸ್ಟೇಷನ್ ಸ್ಪಷ್ಟವಾಗಿ ಬರದೆ ಇನ್ನೇನು ಅಂತ ಹೇಳಬೇಕೆನಿಸಿತು, ಹೇಳಲಿಲ್ಲ.

ಆವತ್ತು ಮಳೆ ಜೋರಾಯಿತು, ಕತ್ತಲಾಗುವ ಮೊದಲು ಘಾಟಿ ಇಳಿಯಬೇಕು ಅಂತ ಗಡಿಬಿಡಿಯಲ್ಲಿ ಹೊರಟೆ. ಮೂರನೇ ದಿನ ಬೆಳಿಗ್ಗೆ ಮಾವ ಫೋನ್ ಮಾಡಿದರು.

"ಏನಪ್ಪಾ, 144ರಲ್ಲಿ ಎರಡು ದಿನದಿಂದ ಯಾರೋ ಮಾತೇ ಆಡದೆ ಬಟನ್ ಒತ್ತಿಕೊಂಡು ಕೂತಿದ್ದಾನೆ. ಯಾರು ಅಂತ ನಿಮ್ಮ ಹ್ಯಾಮ್‌ಗಳಲ್ಲಿ ವಿಚಾರಿಸು."

ನನ್ನ ಚೀಲ ನೋಡಿಕೊಂಡೆ, ಡಬ್ಬ ಇರಲಿಲ್ಲ.

"ಮಾವ, ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬ ಒಂದು ಜಾಸ್ತಿ ಇದೆಯಾ ನೋಡಿ."

ಫೋನ್ ಕೆಳಗಿಟ್ಟ ಸದ್ದು, ಆಮೇಲೆ ಅತ್ತೆಯ ದನಿ: "ಅದಾ? ನಾನು ಆವತ್ತೇ ತೆಗೆದು ನೋಡಿದೆ, ಒಳಗೆ ಏನೋ ತಗಡು, ವೈರು. ಮುಚ್ಚಳ ಮತ್ತೆ ಸರಿಯಾಗಿ ಕೂರಲೇ ಇಲ್ಲ."